ಗೇಟಿನ ಕೊಕ್ಕೆ

ವೆಂಕಟೇಶಪ್ಪ ನಸುಕಿನಲ್ಲೇ ಎದ್ದು ಬಂದು ಗೇಟಿನ ಕೊಕ್ಕೆಯನ್ನು ತಡಕಿದ. ಕೈಗೆ ತಣ್ಣನೆಯ ಕಬ್ಬಿಣವಷ್ಟೇ ಸಿಕ್ಕಿತು.

ಜನವರಿ ಒಂದರ ಬೆಳಗ್ಗೆ ಆ ಕೊಕ್ಕೆಯಲ್ಲಿ ತಳಿ ಪೇಟೆಯ ಗೊಬ್ಬರದಂಗಡಿಯ ಕ್ಯಾಲೆಂಡರ್ ನೇತಾಡುತ್ತಿರಬೇಕು. ರಟ್ಟಿನ ಮೇಲೆ ದೇವರ ಪಟ, ಕೆಳಗೆ ದಿನಕ್ಕೊಂದು ಹಾಳೆ ಹರಿಯುವ ದಪ್ಪ ಕಟ್ಟು. ಹತ್ತು ವರ್ಷದಿಂದ ಒಮ್ಮೆಯೂ ತಪ್ಪಿರಲಿಲ್ಲ. ಅವನು ಬಗ್ಗಿ ಕೆಳಗೂ ನೋಡಿದ, ಚರಂಡಿಯ ಕಡೆಗೂ ನೋಡಿದ.

ಅಷ್ಟರಲ್ಲಿ ನಾಲ್ಕು ಮನೆಯಾಚೆ ತಮಟೆ ಶುರುವಾಯಿತು. ಅವನ ತಮ್ಮ ರಾಮಚಂದ್ರಪ್ಪ ನಿನ್ನೆ ಸಂಜೆ ಸತ್ತಿದ್ದ. ಹೊಸೂರಿಗೆ ಹೋಗಿ ಬಂದವನು ಟಿವಿಎಸ್ ನಿಲ್ಲಿಸಿ, ಜಗಲಿಯ ಮೇಲೆ ಕೂತು, ನೀರು ಕೇಳಿದನಂತೆ. ನೀರು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದನಂತೆ. ಇವೆಲ್ಲ ವೆಂಕಟೇಶಪ್ಪನಿಗೆ ಹೆಂಡತಿ ಅಶ್ವತ್ಥಮ್ಮ ಬಂದು ಹೇಳಿದ ಸುದ್ದಿ. ಅವನು ಇನ್ನೂ ಆ ಮನೆಯ ಕಡೆ ಕಾಲಿಟ್ಟಿರಲಿಲ್ಲ.

ತಮ್ಮ ಸತ್ತ ಮಾರನೆಯ ಬೆಳಗ್ಗೆ ಕ್ಯಾಲೆಂಡರ್ ಹುಡುಕುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆದರೆ ಕೊಕ್ಕೆ ಖಾಲಿ ಇದೆಯಲ್ಲ ಎಂಬ ಬೇಸರ ನಾಚಿಕೆಗಿಂತ ಒಂದು ಹಿಡಿ ಜಾಸ್ತಿಯೇ ಇತ್ತು.

"ಅಲ್ಲೇನು ತಡಕ್ತಿದ್ದೀಯ?" ಅಂಗಳಕ್ಕೆ ನೀರು ಹಾಕಲು ಬಂದ ಅಶ್ವತ್ಥಮ್ಮ ಕೇಳಿದಳು.

"ಏನಿಲ್ಲ. ಅಂಗಡಿಯೋನು ಈ ಸಲ ಕ್ಯಾಲೆಂಡರ್ ಕಳಿಸಿಲ್ಲ."

ಅಶ್ವತ್ಥಮ್ಮ ಬಕೆಟ್ಟನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಒಳಗೆ ಹೋದಳು.

*

ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದ ಕಾಲದಲ್ಲಿ ಕ್ಯಾಲೆಂಡರ್ ಮನೆಯೊಳಗೇ ಬರುತ್ತಿತ್ತು. ರಾಮಚಂದ್ರಪ್ಪ ಗೊಬ್ಬರದಂಗಡಿಯಲ್ಲಿ ತೂಕ ಮಾಡುವ ಕೆಲಸಕ್ಕಿದ್ದ. ಡಿಸೆಂಬರ್ ಕೊನೆಯ ವಾರ ಬಂತೆಂದರೆ ಅಂಗಡಿಯ ಕ್ಯಾಲೆಂಡರುಗಳನ್ನು ಟಿವಿಎಸ್ಸಿಗೆ ಹೇರಿಕೊಂಡು ಗಿರಾಕಿಗಳ ಊರೂರು ತಿರುಗುವುದು ಅವನದೇ ಪಾಲು. ಕೊನೆಯದನ್ನು ಮನೆಯ ಮೊಳೆಗೆ ತೂಗುಹಾಕಿ, "ಅಣ್ಣ, ನೀನು ಹರಿ" ಎನ್ನುತ್ತಿದ್ದ. ಮೊದಲ ಹಾಳೆ ಹಿರಿಯನ ಕೈಯಲ್ಲೇ ಹರಿಯಬೇಕು ಎಂಬುದು ಯಾವ ಶಾಸ್ತ್ರದಲ್ಲಿತ್ತೋ, ಅವನು ಮಾತ್ರ ಹಾಗೆ ನಡೆಸಿಕೊಂಡು ಬಂದಿದ್ದ.

"ನಮ್ಮ ವರ್ಷ ಯುಗಾದಿಗೆ ಕಣ್ಲಾ" ಎಂದು ವೆಂಕಟೇಶಪ್ಪ ಗೊಣಗುತ್ತಲೇ ಕೈ ಮುಂದೆ ಮಾಡುತ್ತಿದ್ದ.

ಅಂಗಡಿ ತಮಿಳುನಾಡಿನದು, ಹಾಳೆಯ ಮೇಲಿದ್ದದ್ದು ತಮಿಳು. ವೆಂಕಟೇಶಪ್ಪ ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅಂಗಡಿಯಲ್ಲಿ ತಮಿಳು ಕಲಿತ ತಮ್ಮ ದಿನಾ ಬೆಳಗ್ಗೆ ಕಾಫಿ ಕುಡಿಯುತ್ತ ಅಣ್ಣನ ರಾಶಿಫಲ ಓದಿ ಹೇಳುತ್ತಿದ್ದ. ಒಂದೊಂದು ರಾಶಿಗೆ ಒಂದೇ ಮಾತು. ಲಾಭ. ಶಾಂತಿ. ಹೊಗಳಿಕೆ. ಎಷ್ಟು ವರ್ಷ ಓದಿದರೂ ಅಣ್ಣನ ರಾಶಿಗೆ ನಷ್ಟ ಎಂದು ಒಂದು ದಿನವೂ ಬಂದಿರಲಿಲ್ಲ. ಅದು ಹೇಗೆ ಎಂದು ವೆಂಕಟೇಶಪ್ಪ ಯೋಚಿಸಲೂ ಇಲ್ಲ.

ಮನೆ ಭಾಗವಾದಾಗಲೂ ಜಗಳವಾಗಲಿಲ್ಲ. ಜಗಳ ತಂದದ್ದು ಆನೆ. ರಾಗಿ ಕುಯ್ದು ಮೆದೆ ಹಾಕಿದ ಮೇಲೆ ಜವಳಗಿರಿ ಕಾಡಿನಿಂದ ಆನೆ ಇಳಿಯುವ ಕಾಲ. ಸರದಿಯ ಮೇಲೆ ಕಾವಲು. ಹನ್ನೊಂದು ವರ್ಷದ ಹಿಂದೆ ಡಿಸೆಂಬರ್ ಮೂವತ್ತೊಂದರ ಸರದಿ ರಾಮಚಂದ್ರಪ್ಪನದು. ಕ್ಯಾಲೆಂಡರ್ ಹಂಚಲು ಹೋದವನ ಗಾಡಿ ಪಂಚರಾಯಿತು. ತಳ್ಳಿಕೊಂಡು ಬರುವಷ್ಟರಲ್ಲಿ ಆನೆಗಳು ಬಂದು ಹೋಗಿದ್ದವು. ಮೆದೆ ಇಬ್ಬರದೂ ಹಾಳಾಯಿತು, ಆದರೆ ಅಣ್ಣನ ಕಣ್ಣಿಗೆ ಕಂಡದ್ದು ತನ್ನದು ಮಾತ್ರ.

ಬೆಳಗ್ಗೆ ರಾಮಚಂದ್ರಪ್ಪ ಕ್ಯಾಲೆಂಡರ್ ಹಿಡಿದುಕೊಂಡೇ ತಪ್ಪೊಪ್ಪಿಕೊಳ್ಳಲು ಬಂದ. ಅದನ್ನು ಕಂಡು ವೆಂಕಟೇಶಪ್ಪನ ಪಿತ್ತ ನೆತ್ತಿಗೇರಿತು.

"ಊರಿಗೆಲ್ಲ ಕ್ಯಾಲೆಂಡರ್ ಹಂಚಿ ನನ್ನ ಮೆದೇನ ಆನೆಗೆ ಹಂಚಿದೆ. ಇನ್ಮ್ಯಾಕೆ ನನ್ನ ಹೊಸ್ತಿಲು ತುಳೀಬ್ಯಾಡ."

ರಾಮಚಂದ್ರಪ್ಪ ತುಳಿಯಲಿಲ್ಲ. ಹಠ ಹಿಡಿದ ಅಣ್ಣನೂ ಅವನದನ್ನು ತುಳಿಯಲಿಲ್ಲ. ಗೊಬ್ಬರವನ್ನು ಬೇರೆ ಅಂಗಡಿಯಲ್ಲಿ ಕೊಳ್ಳತೊಡಗಿದ. ಮಾರನೆಯ ವರ್ಷ ಗೇಟಿನ ಕೊಕ್ಕೆಯಲ್ಲಿ ಕ್ಯಾಲೆಂಡರ್ ಕಂಡಾಗ, ಹೋದ ಗಿರಾಕಿಯನ್ನು ಮರಳಿ ಎಳೆಯಲು ಅಂಗಡಿಯವನು ಹೂಡಿದ ಉಪಾಯವೆಂದು ತಿಳಿದು ಹಿಗ್ಗಿದ. "ಒಂದು ಹಿಡಿ ಯೂರಿಯಾ ತಗಳಲ್ಲ, ಆದ್ರೂ ನಂಗೆ ಕಳುಸ್ತಾನೆ, ಮರ್ಯಾದೆ ಅಂದ್ರೆ ಅದು" ಎಂದು ಟೀ ಅಂಗಡಿಯಲ್ಲಿ ಹತ್ತು ವರ್ಷ ಹೇಳಿಕೊಂಡ. ಕೇಳಿದವರು ಟೀ ಲೋಟದೊಳಗೆ ನೋಡುತ್ತಿದ್ದರು.

*

ಹತ್ತು ಗಂಟೆಗೆ ವೆಂಕಟೇಶಪ್ಪ ತಮ್ಮನ ಮನೆಯ ಎದುರಿನ ಹೊಂಗೆಮರದ ಕೆಳಗೆ ಬಂದು ನಿಂತ. ಬೀದಿ ದಾಟಲಿಲ್ಲ. ಹೆಣವನ್ನು ಹೊರಗೆ ಶಾಮಿಯಾನದ ಕೆಳಗೆ ಮಲಗಿಸಿದ್ದರು. ಶಾಮಿಯಾನ ಹೊಸವರ್ಷಕ್ಕೆಂದು ಊರಿನ ಹುಡುಗರು ತರಿಸಿದ್ದು. ಕೇಕ್ ಕತ್ತರಿಸುವ ಕಾರ್ಯಕ್ರಮ ನಿಂತು ಅದು ಇಲ್ಲಿಗೆ ಬಂದಿತ್ತು. ಅಂಚಿನಲ್ಲಿ ಒಂದೆರಡು ಬಲೂನು ಬಿಚ್ಚುವುದನ್ನು ಯಾರೋ ಮರೆತಿದ್ದರು.

ಜನ ಎಂದಿನಷ್ಟು ಸೇರಿರಲಿಲ್ಲ. ವರ್ಷದ ಮೊದಲನೆಯ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ಆಗುತ್ತದೆ. ಸಾವಿನ ಮನೆಯಲ್ಲಿ ಅತ್ತರೆ ಹೇಗೆ ಎಂಬ ಅಳುಕು. ಅದನ್ನು ಬಗೆಹರಿಸಿದವಳು ಪಕ್ಕದ ಮನೆಯ ಮುದುಕಿ ನರಸಮ್ಮ.

"ಇದು ಇಂಗ್ಲಿಷ್ನೋರ ವರ್ಷ ಕಣ್ರಮ್ಮ, ನಮ್ದು ಯುಗಾದಿಗೆ. ಬಂದು ಅಳಿ, ಯಾವ ದೋಸಾನೂ ಇಲ್ಲ."

ನಿನ್ನೆ ಮಧ್ಯಾಹ್ನ ಕೇಕಿನಲ್ಲಿ ಹೂವಿರುವ ತುಂಡೇ ತನಗೆ ಬೇಕೆಂದು ಹುಡುಗರಿಗೆ ತಾಕೀತು ಮಾಡಿದವಳೂ ಅವಳೇ. ಅವಳ ತೀರ್ಪಿನ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು.

"ಮೊನ್ನೆ ವೈಕುಂಠ ಏಕಾದಶಿ. ಒಂದಿನ ಮುಂಚೆ ಹೋಗಿದ್ರೆ ಬಾಕ್ಲು ತೆಗೆದೇ ಇತ್ತು" ಎಂದು ಒಬ್ಬಳು ನಿಟ್ಟುಸಿರಿಟ್ಟಳು.

"ಅವನು ಯಾವತ್ತು ಬಾಕ್ಲು ತೆಗೆದಿರೋ ಹೊತ್ಗೆ ಹೋದೋನು ಬಿಡು" ಎಂದಳು ನರಸಮ್ಮ, ಮರದ ಕಡೆ ನೋಡುತ್ತ.

ಸತ್ತವನ ಮಗ ಮುರಳಿಕೃಷ್ಣ ಬೀದಿ ದಾಟಿ ಬಂದ. ಹೊಸೂರಿನ ಫ್ಯಾಕ್ಟರಿಯ ಶಿಫ್ಟಿನಿಂದ ನೇರ ಬಂದವನು, ಇನ್ನೂ ಯೂನಿಫಾರಂ ಪ್ಯಾಂಟಿನಲ್ಲೇ ಇದ್ದ.

"ದೊಡ್ಡಪ್ಪ, ಇವತ್ತು ಗುರುವಾರ. ಒಂದೂವರೆಗೆ ರಾಹುಕಾಲ. ಅಷ್ಟ್ರೊಳಗೆ ಎತ್ಬೇಕು ಅಂತಾರೆ. ನೀವು ಒಂದು ಹೆಗಲು ಕೊಡ್ಬೇಕು."

ವೆಂಕಟೇಶಪ್ಪ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡ. ಹೆಗಲು ಕೊಡುವುದು ಸುಲಭ. ಆದರೆ ಹೆಗಲು ಕೊಟ್ಟವನು ಮಣ್ಣು ಮಾಡಿ ಬಂದ ಮೇಲೆ ಸತ್ತವನ ಮನೆಯೊಳಗೆ ಹೋಗಿ ದೀಪ ನೋಡಬೇಕು. ದೀಪ ನೋಡಬೇಕಾದರೆ ಹೊಸ್ತಿಲು ತುಳಿಯಬೇಕು. ತಮ್ಮ ಸತ್ತ ಮೇಲೆ ಅಣ್ಣ ಸೋತ ಎಂದು ಊರು ಆಡಿಕೊಳ್ಳುತ್ತದೆ. ಮುರಳಿಕೃಷ್ಣ ಸ್ವಲ್ಪ ಹೊತ್ತು ಕಾದು ಹಿಂದಿರುಗಿದ.

ಹನ್ನೊಂದಕ್ಕೆ ಗೊಬ್ಬರದಂಗಡಿಯ ಮಾಲೀಕ ಕುಮಾರೇಶ್ ಕಾರಿನಲ್ಲಿ ಬಂದು, ಸೇವಂತಿಗೆ ಹಾರ ಹಾಕಿ, ನೆರಳಿಗೆಂದು ಮರದ ಕೆಳಗೆ ಬಂದ. ಏನಾದರೂ ಮಾತಾಡಬೇಕಲ್ಲ ಎಂದು ವೆಂಕಟೇಶಪ್ಪ ಬಾಯಿ ತೆರೆದ.

"ಏನಪ್ಪ, ಈ ಸಲ ನನ್ನ ಕ್ಯಾಲೆಂಡರ್ ಮರ್ತ್‌ಬುಟ್ಟಾ?"

"ಯಾವ ಕ್ಯಾಲೆಂಡರ್ ಯಜಮಾನ್ರೇ?"

"ನಿನ್ನಂಗ್ಡೀದು. ವರ್ಷಾವರ್ಷ ಗೇಟ್ಗೆ ತಗಲಾಕಿಸ್ತೀಯಲ್ಲ."

ಕುಮಾರೇಶ್ ಕನ್ನಡಕ ತೆಗೆದು ಒರೆಸಿದ. "ನಾನು ಕ್ಯಾಲೆಂಡರ್ ಅಚ್ಚಾಕ್ಸೋದು ನಿಲ್ಸಿ ಐದಾರು ವರ್ಷ ಆಯ್ತು. ಕೊರೊನಾ ಬಂತಲ್ಲ, ಆವಾಗ್ಲೇ. ಈಗ ಎಲ್ಲಾರ್ಗೂ ಫೋನಲ್ಲೇ ಇದೆಯಲ್ವಾ?"

"ಮತ್ತೆ ಅದರ ಮ್ಯಾಲೆ ನಿನ್ನಂಗ್ಡಿ ಹೆಸರಿರ್ತದೆ."

"ಸ್ಟಾಂಪು ಅದು." ಕುಮಾರೇಶ್ ಶಾಮಿಯಾನದ ಕಡೆ ತಿರುಗಿದ. "ವರ್ಷಾ ಕೊನೇಲಿ ಅಂಗಡಿ ಸ್ಟಾಂಪ್ ಒಂದಿನಕ್ಕೆ ಕೇಳ್ತಿದ್ರು ಇವ್ರು. ಒಬ್ರು ಹಳೇ ಗಿರಾಕಿ ಇದ್ದಾರೆ, ಅಂಗಡಿ ಹೆಸರಿಲ್ದಿದ್ರೆ ತಗೊಳಲ್ಲ ಅಂತ. ನಿನ್ನೇನೂ ಲೀವ್ ಹಾಕಿ, ಆ ಒಂದು ಕ್ಯಾಲೆಂಡರ್ ತರೋಕೇ ಹೊಸೂರಿಗೆ ಹೋಗಿದ್ದು. ನಾನು ಗಿರಾಕಿ ಯಾರು ಅಂತ ಕೇಳ್ಲಿಲ್ಲ."

ವೆಂಕಟೇಶಪ್ಪ ಮರಕ್ಕೆ ಕೈ ಕೊಟ್ಟ. ಹೆಂಗಸರ ನಡುವೆ ಕೂತಿದ್ದ ಅಶ್ವತ್ಥಮ್ಮ ಇತ್ತಲೇ ನೋಡುತ್ತಿದ್ದಳು. ದಿನಾ ನಸುಕಿಗೆ ಅಂಗಳಕ್ಕೆ ನೀರು ಹಾಕುವವಳು ಅವಳು. ಅವಳಿಗೆ ಗೊತ್ತಿತ್ತು. ನರಸಮ್ಮನಿಗೆ ಗೊತ್ತಿತ್ತು, ಟೀ ಅಂಗಡಿಗೆ ಗೊತ್ತಿತ್ತು. ಗೊತ್ತಾದರೆ ಇವನು ಅದನ್ನೂ ಬೀದಿಗೆ ಎಸೆಯುತ್ತಾನೆಂದು ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತ್ತು. ಎಸೆಯುತ್ತಿದ್ದೆ ಎಂದು ಅವನಿಗೂ ತಿಳಿಯಿತು.

ಹನ್ನೆರಡೂವರೆಗೆ ಚಟ್ಟ ಎತ್ತುವಾಗ ಅವನು ಬೀದಿ ದಾಟಿ, ಮುಂದಿನ ಬಲಗಡೆಯ ಬೊಂಬಿಗೆ ಹೆಗಲು ಕೊಟ್ಟ. ಅಲ್ಲಿದ್ದವರು ಜಾಗ ಬಿಟ್ಟುಕೊಟ್ಟರು. ಹೊಲದ ಅಂಚಿನ ಗುಂಡಿಯವರೆಗೂ ಹೆಗಲು ಬದಲಾಯಿಸಲು ಒಪ್ಪಲಿಲ್ಲ. ಅರವತ್ತೆಂಟರ ಮುದುಕ, ಎರಡು ಸಲ ಎಡವಿದ.

*

ಮಣ್ಣು ಮಾಡಿ, ಸ್ನಾನ ಮಾಡಿ ಬಂದ ಗಂಡಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ದೀಪ ನೋಡಿ ಹೊರಬಂದರು. ವೆಂಕಟೇಶಪ್ಪ ಕೊನೆಯವನು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತ. ಒಳಗಿನಿಂದ ತಮ್ಮನ ಹೆಂಡತಿ ಮುನಿಲಕ್ಷ್ಮಿ, "ಬನ್ನಿ ಭಾವ" ಎಂದಳು. ಹನ್ನೊಂದು ವರ್ಷದಲ್ಲಿ ಅವಳು ಆಡಿದ ಮೊದಲ ಮಾತು. ಅವನು ಬಲಗಾಲಿಟ್ಟು ಒಳಗೆ ಹೋದ.

ದೀಪದ ಮೇಲುಗಡೆ ಗೋಡೆಯ ಮೊಳೆ ಖಾಲಿ ಇತ್ತು. ಸುಣ್ಣದ ಮೇಲೆ ಕ್ಯಾಲೆಂಡರ್ ಉಜ್ಜಿದ ಒಂದು ಗುರುತೂ ಇರಲಿಲ್ಲ.

"ನಿಮ್ಮನೇಗೆ ಕ್ಯಾಲೆಂಡರ್ ಇಲ್ವಾ?"

"ನಮ್ಗೆ ಯಾಕೆ ಅಂತಿದ್ರು. ಒಂದೇ ತರೋರು." ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಗಾಡಿ ಚೀಲದಾಗೆ ಐತೆ. ಸ್ಟಾಂಪು ಅವ್ರ ಅಂಗಿ ಜೇಬ್ನಾಗಿತ್ತು, ತೆಗೆದಿಟ್ಟಿದ್ದೀನಿ. ಒತ್ತೋಕೆ ಹೊತ್ತಾಗ್ಲಿಲ್ಲ ಅವ್ರಿಗೆ."

ವೆಂಕಟೇಶಪ್ಪ ಜಗಲಿಯ ಮೇಲೆ, ತಮ್ಮ ಕೂತು ನೀರು ಕೇಳಿದ ಜಾಗದಲ್ಲೇ ಕೂತ. ಗಾಡಿ ಚೀಲದಿಂದ ತೆಗೆದ ಕ್ಯಾಲೆಂಡರಿನ ಮೇಲಿನ ಹಳೆಯ ಪತ್ರಿಕೆಯ ಸುತ್ತು ಬಿಚ್ಚಿದ. ವೆಂಕಟರಮಣನ ಪಟ, ಕೆಳಗೆ ಬರಿಯ ಬಿಳಿ ಜಾಗ. ಮುನಿಲಕ್ಷ್ಮಿ ತಂದುಕೊಟ್ಟ ಸ್ಟಾಂಪನ್ನು ಮಸಿಯ ಡಬ್ಬಿಗೆ ಅದ್ದಿ, ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಒತ್ತಿದ. ನೀಲಿ ಅಕ್ಷರ ಚೆನ್ನಾಗಿಯೇ ಮೂಡಿತು. ಅದು ತಲೆಕೆಳಗಾಗಿ ಮೂಡಿದ್ದು, ವರ್ಷಾವರ್ಷ ಗಂಡ ಒತ್ತುವುದನ್ನು ನೋಡಿದ್ದ ಮುನಿಲಕ್ಷ್ಮಿಗೆ ಕಂಡಿತು. ತಮಿಳು ಬಾರದ ಭಾವನಿಗೆ ಅವಳು ಹೇಳಲಿಲ್ಲ.

ಇವತ್ತಿನ ಹಾಳೆಯನ್ನು ಅವಳ ಮುಂದೆ ಹಿಡಿದು ಅವನು ಕೇಳಿದ: "ನಂದು ಸಿಂಹ ರಾಶಿ. ಏನಂತೆ ನೋಡಮ್ಮ."

ಅವಳು ಬಹಳ ಹೊತ್ತು ನೋಡಿದಳು. ಅವಳಿಗೂ ತಮಿಳು ಓದಲು ಬರುತ್ತಿರಲಿಲ್ಲ.

"ಲಾಭ ಅಂತೆ, ಭಾವ."

ಹೊತ್ತು ಮುಳುಗುವ ಮುಂಚೆ ವೆಂಕಟೇಶಪ್ಪ ತನ್ನ ಮನೆಗೆ ಬಂದ. ಬೀದಿಯ ಕಡೆ ನಿಂತುಕೊಂಡೇ ಕ್ಯಾಲೆಂಡರನ್ನು ಗೇಟಿನ ಕೊಕ್ಕೆಗೆ ತಗಲಿಸಿದ. ಆಮೇಲೆ ಗೇಟು ತೆಗೆದು, ಒಳಗೆ ಬಂದು, ಮುಚ್ಚಿದ.

"ಅಲ್ಲೇ ಬುಟ್ಯಲ್ಲ, ಒಳಕ್ ತರೋಲ್ವಾ?" ಎಂದಳು ಅಶ್ವತ್ಥಮ್ಮ.

"ಬೆಳಗ್ಗೆ ಎದ್ದು ತಗಂತೀನಿ" ಎಂದ ವೆಂಕಟೇಶಪ್ಪ, ಕಾಲು ತೊಳೆಯಲು ತೊಟ್ಟಿಯ ಕಡೆ ಹೋಗುತ್ತ.