ನರಿಯ ಬೆನ್ನಿಗೆ ಬಳಿದ ಚಾಕೊಲೇಟು

ಫೀನ್‌ಗೆ ಹೇಝಲ್‌ನಟ್ ಬೀಜ ಆಗಿಬರುವುದಿಲ್ಲ. ಕಳೆದ ಚಳಿಗಾಲದಲ್ಲಿ ಯಾರದೋ ಮನೆಯ ಬಿಸ್ಕತ್ತು ತಿಂದು ತುಟಿ ಊದಿ, ಉಸಿರು ಕಟ್ಟಿ, ಅವಳು ಆಂಬುಲೆನ್ಸಿನಲ್ಲಿ ಮಲಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಆ ಪುಟ್ಟ ಹುಡುಗಿ ವಿಚಾರಿಸದೆ ಏನನ್ನೂ ಬಾಯಿಗಿಡುವುದಿಲ್ಲ. ಅವಳ ಹೆತ್ತ ತಾಯಿ ಬೇರೆ ಊರಲ್ಲಿದ್ದಾಳೆ. ನಾನು ಅವಳ ಅಪ್ಪ ವಾನ್ನೆಸ್‌ನ ಎರಡನೆಯ ಹೆಂಡತಿ. ಮೆಹೆಲೆನ್ ಊರಿನ ಈ ಮನೆಯಲ್ಲಿ ನಾನು ಗಳಿಸಿದ್ದು ಅಂದರೆ ಇಷ್ಟೇ: ನಾನು ಮಾಡಿದ್ದು ಅಂತ ಹೇಳಿದರೆ ಫೀನ್ ತಿನ್ನುತ್ತಾಳೆ.

ಹುಟ್ಟುಹಬ್ಬದ ಕೇಕಿನ ಮೇಲೆ ಅವಳಿಗೆ ನರಿ ಬೇಕಾಗಿತ್ತು. ಚಾಕೊಲೇಟಿನಲ್ಲಿ ಚಿತ್ರ ಬರೆಯುವುದು ಹಿಂದುಮುಂದಾದ ಕೆಲಸ. ಕಾಗದದ ನರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೊದಲು ಕಣ್ಣು, ಮೀಸೆ, ಗೆರೆಗಳನ್ನು ಎಳೆಯಬೇಕು. ಅವು ಗಟ್ಟಿಯಾದ ಮೇಲೆ ಮೈಬಣ್ಣ, ಕೊನೆಗೆ ಎಲ್ಲದರ ಬೆನ್ನಿಗೂ ಕಂದು ಚಾಕೊಲೇಟಿನ ಲೇಪ. ಮಗುಚಿ ಹಾಳೆ ಸುಲಿದಾಗ ಮೊದಲು ಬರೆದದ್ದೇ ಮೇಲೆ ಕಾಣುತ್ತದೆ. ಹೆಸರನ್ನಂತೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಮೊದಲ ಸಲ ಅದನ್ನೇ ಮರೆತು, ಆ ನರಿಯನ್ನು ನಾನೇ ತಿಂದು ಮುಗಿಸಿದೆ.

ಹೊಸ ಬಟ್ಟಲು, ಹೊಸ ಚಮಚ, ಬೀಜ ಸೋಕದ ಕಾರ್ಖಾನೆಯ ಚಾಕೊಲೇಟು. ಆದರೂ ಪೊಟ್ಟಣದ ಮೇಲೆ ಬರೆದದ್ದನ್ನು ಮತ್ತೊಮ್ಮೆ ಓದಿದೆ. ಅತ್ತೆ ಗೋದೆಲೀವ ಎದುರು ಕೂತು ಕಾಫಿ ಹೀರುತ್ತಾ, ಇದೆಲ್ಲ ಅತಿಯಾಯಿತು, ನಮ್ಮ ಕಾಲದ ಮಕ್ಕಳು ಸಿಕ್ಕಿದ್ದನ್ನೆಲ್ಲ ತಿಂದೇ ಬೆಳೆದರು ಎನ್ನುತ್ತಿದ್ದರು. ನರಿಯ ಬಾಲ ತೀರಾ ತೆಳ್ಳಗಿದೆ, ಎತ್ತಿದರೆ ಉದುರುತ್ತದೆ ಎಂದೂ ಹೇಳಿದರು. ನನಗೂ ಅದೇ ದಿಗಿಲು, ಆದರೆ ತಂದ ಚಾಕೊಲೇಟು ಮುಗಿದಿತ್ತು. ಹಾಳೆಯನ್ನು ಫ್ರಿಜ್ಜಿನಲ್ಲಿಟ್ಟು ಬಲೂನು ತರಲು ಹೋದೆ.

ಮಧ್ಯಾಹ್ನ ಎಲ್ಲರ ಮುಂದೆ ಅದನ್ನು ಕೇಕಿನ ಮೇಲೆ ಮಗುಚಿ, ಉಸಿರು ಬಿಗಿಹಿಡಿದು ಹಾಳೆ ಸುಲಿದೆ. ಬಾಲ ಮುರಿಯಲಿಲ್ಲ. ನರಿ ನಾನು ಅಂದುಕೊಂಡದ್ದಕ್ಕಿಂತ ದಪ್ಪಗಿತ್ತು. ಸದ್ಯ, ಬದುಕಿದೆ ಅನ್ನಿಸಿತೇ ಹೊರತು, ಯಾಕೆ ದಪ್ಪಗಾಯಿತು ಅಂತ ಯೋಚಿಸಲಿಲ್ಲ.

ಫೀನ್ ನರಿಯ ಕಿವಿ ಮುರಿದು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

"ಎಲ್ಲಾ ನೀನೇ ಮಾಡಿದ್ದಾ, ಗ್ರೀತ್?"

"ಎಲ್ಲಾ ನಾನೇ ಮಾಡಿದ್ದು, ಚಿನ್ನ."

ಅತ್ತೆಗೆ ಸುಮ್ಮನಿರಲಾಗಲಿಲ್ಲ. ಪಕ್ಕದ ಮನೆಯವಳ ಕಡೆ ತಿರುಗಿ, ಸೊಸೆ ಹೊರಗೆ ಹೋದಾಗ ತಾನೇ ಇನ್ನೊಂದು ಪದರ ಬಳಿದದ್ದು, ಇಲ್ಲದಿದ್ದರೆ ಆ ಬಾಲ ಎಲ್ಲಿ ನಿಲ್ಲುತ್ತಿತ್ತು ಎಂದು ನಕ್ಕರು. ಯಾವ ಚಾಕೊಲೇಟು ಎಂದು ಕೇಳಿದೆ. ಅವರ ಕೈಚೀಲದಲ್ಲಿದ್ದದ್ದಂತೆ.

"ಬೀಜದ ಒಂದು ಚೂರೂ ಇರ್ಲಿಲ್ಲ ಕಣೇ, ನೋಡೇ ಹಾಕ್ದೆ. ಬೆಣ್ಣೆ ಥರ ನುಣ್ಣಗಿತ್ತು."

ನಮ್ಮ ನಾಡಿನಲ್ಲಿ ಚಾಕೊಲೇಟು ಹಾಗೆ ನುಣ್ಣಗಾಗುವುದು ಹೇಝಲ್‌ನಟ್ಟನ್ನು ಅರೆದು ಬೆರೆಸಿದಾಗ.

ನರಿಯ ಕಿವಿ ಫೀನ್‌ಳ ತುಟಿಯ ಹತ್ತಿರವಿತ್ತು. ಅವಳ ಕೈಗೆ ಜೋರಾಗಿ ಹೊಡೆದೆ. ಚಾಕೊಲೇಟು ಹಾರಿ ಗೋಡೆಗೆ ಬಡಿಯಿತು. ಅವಳ ಮೇಲೆ ನಾನು ಎಂದೂ ಕೈಯೆತ್ತಿದವಳಲ್ಲ. ಬಾಯಿ ತೆರೆಸಿ ನೋಡಿದೆ, ಕೈ ತೊಳೆಸಿದೆ, ನೆಕ್ಕಿದೆಯಾ ಎಂದು ಮತ್ತೆ ಮತ್ತೆ ಕೇಳಿದೆ. ಅವಳು ತಲೆಯಾಡಿಸಿ ಇಲ್ಲವೆಂದಳು. ನನಗೆ ನಂಬಿಕೆ ಬರಲಿಲ್ಲ. ವಾನ್ನೆಸ್ ಉಸಿರು ಕಟ್ಟಿದರೆ ಚುಚ್ಚುವ ಇಂಜೆಕ್ಷನ್ ಪೆನ್ನು ಹಿಡಿದು ಅವಳ ಪಕ್ಕದಲ್ಲಿ ಮಂಡಿಯೂರಿದ. ಅವಳ ಕೈ ಕೆಂಪಾಗುತ್ತಾ ಬಂತು. ಅದು ನನ್ನ ಏಟೋ ಆ ವಿಷವೋ ಇಬ್ಬರಿಗೂ ಗೊತ್ತಾಗಲಿಲ್ಲ. ನಾವು ಅವಳ ತುಟಿಯನ್ನೇ ನೋಡುತ್ತಾ ಕೂತೆವು. ನೆಂಟರು ಸದ್ದಿಲ್ಲದೆ ಕೋಟು ಹಾಕಿಕೊಂಡು ಹೊರಟರು.

ತುಟಿ ಊದಲಿಲ್ಲ. ಕೈಯ ಕೆಂಪು ಮಾಸುತ್ತಾ ನನ್ನ ಬೆರಳುಗಳ ಆಕಾರಕ್ಕೆ ಬಂದು ನಿಂತಿತು. ಅಡುಗೆಮನೆಯಲ್ಲಿ ಅತ್ತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಸಂಜೆ ಅವಳ ಕಣ್ಣೆದುರೇ ಆಲೂಗಡ್ಡೆ ಬೇಯಿಸಿ, ಉಪ್ಪು ಬಿಟ್ಟರೆ ಬೇರೇನೂ ಹಾಕದೆ, ತಟ್ಟೆಯಲ್ಲಿ ಬಡಿಸಿದೆ. ನೀನೇ ಮಾಡಿದ್ದಾ ಅಂತ ಅವಳು ಕೇಳಲಿ ಎಂದು ಕಾದೆ. ಫೀನ್ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದಳು. ಬುಟ್ಟಿಯಿಂದ ಸೇಬು ತೆಗೆದುಕೊಂಡು, ಸ್ಟೂಲು ಎಳೆದು ನಲ್ಲಿಯ ಮುಂದೆ ಹತ್ತಿ ನಿಂತು ತೊಳೆದಳು. ನಾನು ಚಾಚಿದ ಟವೆಲ್ಲನ್ನು ಮುಟ್ಟದೆ, ತನ್ನ ಫ್ರಾಕಿಗೇ ಒರೆಸಿಕೊಂಡು, ನನಗೆ ಬೆನ್ನು ಮಾಡಿ ತಿಂದಳು.