ಗಾಳಿಗೆ ಬೆನ್ನು

ಚಳಿಗಾಲ ಕಾಲೂರಿ ಹದಿನೈದು ದಿನವಾಗಿತ್ತು. ಬೆಳಗಿನ ಏಳು ಗಂಟೆಗೆಲ್ಲ ಗಂಡಸರ ವಾರ್ಡಿನ ನೆಲ ಒರೆಸುವ ಕೆಲಸ ಅರ್ಧ ಮುಗಿದಿತ್ತು. ಬಕೆಟ್ಟಿನ ನೀರಿಗೆ ಕೈ ಅದ್ದಿದರೆ ಬೆರಳು ತನ್ನದೋ ಇನ್ನೊಬ್ಬರದೋ ಅನ್ನುವಷ್ಟು ಜೋಮು. ಆಯಾ ಕುಕ್ಕುರುಗಾಲಲ್ಲಿ ಹಿಂದಕ್ಕೆ ಸರಿಯುತ್ತ ಒಂಬತ್ತನೇ ಮಂಚದವರೆಗೆ ಬಂದವಳು ತಟ್ಟನೆ ಕೈ ನಿಲ್ಲಿಸಿದಳು. ನೆಲ ಆರಿರಲಿಲ್ಲ.

ಹನ್ನೆರಡು ವರ್ಷದಿಂದ ಈ ನೆಲ ಅವಳದು. ಒಂಬತ್ತನೇ ಮಂಚ ಮುಟ್ಟುವಷ್ಟರಲ್ಲಿ ಮೊದಲನೇ ಮಂಚದ ಕೆಳಗೆ ಒಣಗಿರಬೇಕು. ಮಳೆಗಾಲದಲ್ಲೂ ಅದು ತಪ್ಪಿದ್ದಿಲ್ಲ. ಇವತ್ತು ಬಾಗಿಲಿನವರೆಗೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಲೆಯೆತ್ತಿದಳು. ಉತ್ತರ ಗೋಡೆಯ ಆರೂ ಕಿಟಕಿಗಳು ಮುಚ್ಚಿದ್ದವು. ಎದ್ದು ಹೋಗಿ ಚಿಲಕ ತೆಗೆದು ಎಳೆದರೆ ಕದ ಅಲುಗಲಿಲ್ಲ. ಚೌಕಟ್ಟಿಗೆ ಸೇರಿಸಿ ಮೊಳೆ ಹೊಡೆದಿದ್ದರು. ನಿನ್ನೆ ಅವಳಿಗೆ ವಾರದ ರಜೆ.

“ಯಾರ ಕೆಲಸ ಇದು?”

“ಬಡಗೀದು,” ಅಂದ ಒಂಬತ್ತನೇ ಮಂಚದ ತಾತ. ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ಬಂದವನು. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡಿದ್ದ. “ದೊಡ್ಡ ಡಾಕ್ಟ್ರು ಹೇಳಿದ್ರಂತೆ. ಪುಣ್ಯಾತ್ಮ, ನಿನ್ನೆ ಬೆಚ್ಚಗೆ ನಿದ್ದೆ ಬಂತು ನೋಡಮ್ಮ...” ಮಾತು ಅಲ್ಲಿಗೇ ನಿಂತಿತು. ಕೆಮ್ಮು ಮೇಲೆ ಬಂತು. ಒಮ್ಮೆ ಹಿಡಿದರೆ ಕಣ್ಣಲ್ಲಿ ನೀರು ಬರುವವರೆಗೆ ಬಿಡದ ಕೆಮ್ಮು.

ಆಯಾ ಕಾದಳು. “ತಾತ, ಇದು ಎಷ್ಟು ದಿನದಿಂದ?”

“ಕಾಲು ಮುರಿಯೋಕೆ ಮುಂಚೆಯಿಂದ್ಲೂ ಇದೆ. ತಿಂಗಳ ಮೇಲಾಯ್ತು.”

“ಯಾರಿಗೂ ಹೇಳ್ಲಿಲ್ವಾ?”

“ಯಾರೂ ಕೇಳ್ಲಿಲ್ಲ. ಕಾಲು ತೋರಿಸೋಕೆ ಬಂದೋನು ಎದೆ ಯಾಕೆ ತೋರಿಸ್ಲಿ?”

ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ನಾಲ್ಕು ವರ್ಷದ ಹಿಂದೆ ಇದೇ ವಾರ್ಡಿನಲ್ಲಿ, ಹೊಟ್ಟೆನೋವೆಂದು ಬಂದು ಕೆಮ್ಮುತ್ತ ಮಲಗಿದ್ದವನೊಬ್ಬನ ಮಂಚದ ಸುತ್ತ ಅವಳು ಎರಡು ತಿಂಗಳು ನೆಲ ಒರೆಸಿದ್ದಳು. ಅವನದು ಕ್ಷಯ ಅಂತ ಗೊತ್ತಾಗುವ ಹೊತ್ತಿಗೆ ಅವಳಿಗೂ ಹತ್ತಿತ್ತು. ಮನೆಯಲ್ಲಿ ಯಾರಿಗೂ ಇಲ್ಲದ, ಬೀದಿಯಲ್ಲಿ ಯಾರಿಗೂ ಇಲ್ಲದ ಕಾಯಿಲೆ. ಆದರೂ ಅವಳ ಕಾಗದದಲ್ಲಿ ಆಸ್ಪತ್ರೆಯವರು ಬರೆದದ್ದು, ‘ಸೋಂಕು ಹೊರಗಿನಿಂದ ಬಂದದ್ದು’ ಎಂದು. ಆರು ತಿಂಗಳು ಮಾತ್ರೆ ನುಂಗಿ ವಾಸಿಯಾಗಿ ಬಂದ ಮೇಲೆ ಅವಳು ಆ ಮಾತು ಹೊಡೆದು ಹಾಕಿ ಅಂತ ಕೇಳುತ್ತಲೇ ಇದ್ದಳು. ಅವರು ನೋಡೋಣ ಅನ್ನುತ್ತಲೇ ಇದ್ದರು.

ಆ ಆರು ತಿಂಗಳು ಮಾತ್ರೆ ಕೊಟ್ಟವಳು ಮಗಳು. ಆಯಾ ಹುಟ್ಟಿ ಬೆಳೆದದ್ದು ಕಣದ ಮಗ್ಗುಲಲ್ಲಿ; ಕಾಳು ತೂರುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲದಿದ್ದರೆ ಹೊಟ್ಟು ಎಲ್ಲ ಕಣ್ಣಿಗೆ ಅನ್ನುವುದು ನಡೆಯಲು ಕಲಿಯುವಾಗಲೇ ಕಲಿತದ್ದು. ಮಗಳಿಗೂ ಅದನ್ನೇ ಹೇಳಿಕೊಟ್ಟಳು: ಹಿತ್ತಿಲ ಬಾಗಿಲು ತೆಗೆದಿಡು, ಗಾಳಿ ನಿನ್ನ ಬೆನ್ನಿಗೆ ಬಡಿದು ನನ್ನ ಕಡೆ ಬರಲಿ, ಆಮೇಲೆ ಕೈ ಚಾಚು. ಮಗಳಿಗೆ ಏನೂ ಆಗಲಿಲ್ಲ. ಈಗ ಅವಳು ನರ್ಸಿಂಗ್ ಕಲಿಯುತ್ತಿದ್ದಳು. ನಾಳೆಯಿಂದ ಅವಳಿಗೆ ಕೆಲಸ ಹಾಕಿದ್ದು ಈ ವಾರ್ಡಿಗೇ.

ಆಯಾ ಕೈ ಒರೆಸಿಕೊಂಡು ದೊಡ್ಡ ಸಿಸ್ಟರ್ ಮುಂದೆ ನಿಂತಳು.

“ಸಿಸ್ಟರ್, ಕಿಟಕಿ ತೆಗೆಸಿ. ಒಂಬತ್ತನೇ ತಾತನ ಕಫ ಪರೀಕ್ಷೆಗೆ ಕಳಿಸಿ.”

“ಆತ ಕಾಲಿನ ಪೇಷೆಂಟು ಕಣೇ.”

“ಕಾಲು ಕೆಮ್ಮುತ್ತಾ?”

ಸಿಸ್ಟರಿಗೆ ನಗು ಬಂತು, ನುಂಗಿಕೊಂಡರು. “ಚಳಿ ಅಂತ ಎಲ್ರೂ ದೂರು ಕೊಟ್ರು. ಆರ್ಡರ್ ಬಂತು, ಮುಚ್ಚಿಸ್ದೆ.”

“ಸ್ಟೋರಲ್ಲಿ ನಲವತ್ತು ಹೊಸ ಕಂಬಳಿ ಇದೆಯಲ್ಲ?”

“ಅದು ತಪಾಸಣೆಗೆ ಇಟ್ಟಿರೋದು.”

“ಯಾಕೆ, ತಪಾಸಣೆಗೆ ಬರೋರಿಗೆ ಚಳಿಯಾಗುತ್ತಾ?”

“ನಾಲಿಗೆ ಬಿಗಿ ಹಿಡಿ. ಗುತ್ತಿಗೆಯವಳು ನೀನು. ನಾಳೆಯಿಂದ ಬರ್ಬೇಡ ಅಂದ್ರೆ ಮುಗೀತು.”

“ನಾಳೆ ನಾನು ಬರ್ದಿದ್ರೂ ನನ್ನ ಮಗಳು ಬರ್ತಾಳೆ ಸಿಸ್ಟರ್. ಅದಕ್ಕೇ ಇವತ್ತು ತೆಗೀಬೇಕು.”

ಬಡಗಿ ಬೇರೆ ಯಾರೂ ಅಲ್ಲ, ಅವಳ ಗಂಡನ ತಮ್ಮ. ವರಾಂಡದಲ್ಲಿ ಮುರಿದ ಸ್ಟೂಲಿಗೆ ಕಾಲು ಕೂಡಿಸುತ್ತಿದ್ದ. ಅತ್ತಿಗೆ ಬರುವ ರಭಸ ನೋಡಿಯೇ ಕೈ ಮುಗಿದ.

“ಅತ್ತಿಗೆ, ಹೊಡೆದೋನೂ ನಾನು, ಕೀಳೋನೂ ನಾನೇ ಆದ್ರೆ ಕೊನೆಗೆ ನನ್ನನ್ನೇ ಕಿತ್ತು ಎಸೀತಾರೆ.”

“ನಿನ್ನ ಅಣ್ಣನ ಮಗಳು ಕಣೋ ನಾಳೆ ಆ ಗಾಳಿ ಕುಡಿಯೋದು.”

ಅವನು ಸ್ಟೂಲನ್ನು ಬದಿಗಿಟ್ಟು ಎದ್ದ. “ಟೀ ಕುಡಿದು ಬರ್ತೀನಿ. ಪೆಟ್ಟಿಗೆ ಇಲ್ಲೇ ಇರುತ್ತೆ. ಅದರ ಮೇಲಿನ ಖಾನೇಲಿ ಮೊಳೆ ಕೀಳೋ ಸುತ್ತಿಗೆ ಇದೆ ಅಂತ ಮಾತ್ರ ನಾನು ಯಾರಿಗೂ ಹೇಳಲ್ಲ.”

ಒಂದೊಂದು ಕಿಟಕಿಗೆ ನಾಲ್ಕು ಮೊಳೆ. ಮೊದಲನೆಯದು ಕಿರುಗುಟ್ಟುತ್ತ ಬಂತು. ಉಳಿದವು ಅವಳ ಸಿಟ್ಟಿಗೆ ಹೆದರಿದ ಹಾಗೆ ಬಂದವು. ಕಿತ್ತದ್ದನ್ನೆಲ್ಲ ಸ್ಟೀಲಿನ ತಟ್ಟೆಗೆ ಹಾಕಿದಳು. ಆರೂ ಕದ ತೆರೆದಾಗ ವಾರ್ಡಿಗೆ ವಾರ್ಡೇ ಹೊದಿಕೆ ಎಳೆದುಕೊಂಡು ಶಾಪ ಹಾಕಿತು.

“ನಿನ್ನ ಮನೆ ಹಾಳಾಗ! ಸಾಯಿಸ್ತೀಯಾ?” ಅಂತ ಎರಡನೇ ಮಂಚದವನು ಕೂಗಿದ.

“ಬೈಯೋಕೆ ಉಸಿರಿದೆಯಲ್ಲ, ಸಾಯಲ್ಲ ಬಿಡಿ. ಕಂಬಳಿ ತರಿಸ್ತೀನಿ, ಅಲ್ಲೀವರೆಗೆ ಬೈತಾ ಇರಿ, ಮೈ ಬೆಚ್ಚಗಾಗುತ್ತೆ.”

ಆಮೇಲೆ ತಾತನ ಮಂಚದ ಗಾಲಿಯ ತಡೆ ಬಿಡಿಸಿ, ಅವನನ್ನು ದಕ್ಷಿಣದ ಮೂಲೆಯ ಕಿಟಕಿಯ ಕಡೆಗೆ ತಳ್ಳಿಕೊಂಡು ಹೋದಳು. ಆ ಕಿಟಕಿಯನ್ನೂ ತೆಗೆದಳು. ಉತ್ತರದಿಂದ ಬಂದ ಗಾಳಿ ಎಲ್ಲರನ್ನೂ ದಾಟಿ, ಅವನನ್ನು ಕೊನೆಗೆ ಮುಟ್ಟಿ, ಹಾಗೇ ಹೊರಗೆ ಹೋಗಬೇಕು. ಅವನ ಬಾಯಿಗೊಂದು ಮಾಸ್ಕ್ ಕಟ್ಟಿದಳು. ಮಂಚದ ಸರಳಿಗೆ ಬ್ಯಾಂಡೇಜಿನ ತುಂಡೊಂದನ್ನು ಗಂಟು ಹಾಕಿದಳು. ಪಟ್ಟಿ ಎದ್ದು ಕಿಟಕಿಯ ಕಡೆಗೆ ಪಟಪಟ ಹಾರಿತು.

ದೊಡ್ಡ ಸಿಸ್ಟರ್ ಫೋನು ಮಾಡಿದ್ದರು. ದೊಡ್ಡ ಡಾಕ್ಟರು ಹತ್ತು ನಿಮಿಷದಲ್ಲಿ ಬಂದರು. ಬಂದವರೇ ರೌಂಡ್ಸಿಗೆ ಬಂದಾಗ ಸದಾ ಕೂರುವ ಕುರ್ಚಿಯಲ್ಲಿ ಕೂತರು. ಅದು ದಕ್ಷಿಣದ ಮೂಲೆಯಲ್ಲಿ, ತಾತನ ಮಂಚಕ್ಕೂ ಆ ಕಿಟಕಿಗೂ ನಡುವೆ, ಮೇಜಿನ ಹಿಂದೆ ಇತ್ತು.

“ಆಸ್ಪತ್ರೆ ಆಸ್ತಿ ಹಾಳು ಮಾಡಿದ್ದು ಯಾರು?”

“ನಾನು ಸಾರ್.” ತಟ್ಟೆಯನ್ನು ಮೇಜಿನ ಮೇಲಿಟ್ಟಳು. “ಇಪ್ಪತ್ತನಾಲ್ಕೂ ಇದೆ. ಒಂದೂ ಡೊಂಕಾಗಿಲ್ಲ.”

“ನೀನು ಡಾಕ್ಟರಾ?”

“ಅಲ್ಲ ಸಾರ್. ನಾನು ಕಾಳು ತೂರಿದವಳು. ಆ ಪಟ್ಟಿ ಯಾವ ಕಡೆ ಹಾರ್ತಿದೆ ಅಂತ ಒಂದ್ಸಲ ನೋಡಿ.”

ಪಟ್ಟಿಯ ತುದಿ ನೇರವಾಗಿ ಅವರ ಮುಖದ ಕಡೆಗೆ ಚಾಚಿತ್ತು. ಅಷ್ಟರಲ್ಲಿ ತಾತನಿಗೆ ಕೆಮ್ಮು ಹಿಡಿಯಿತು.

“ತಿಂಗಳ ಮೇಲಿನ ಕೆಮ್ಮು ಸಾರ್. ಇನ್ನೂ ಪರೀಕ್ಷೆ ಆಗಿಲ್ಲ. ಕ್ಷಯ ಇದೆ ಅಂತ ಗೊತ್ತಾದೋರನ್ನ ಬೇರೆ ಕೋಣೇಲಿ ಇಡ್ತೀರಿ, ಮಾತ್ರೆ ಕೊಡ್ತೀರಿ. ಗೊತ್ತಾಗದೆ ಮಲಗಿರೋರ ಹತ್ರ ನಮ್ಮನ್ನ ಕಾಯೋದು ಈ ಕಿಟಕಿ ಒಂದೇ.”

ಡಾಕ್ಟರು ಪಟ್ಟಿಯನ್ನು ನೋಡಿದರು. ಎದ್ದರು. ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಉತ್ತರದ ಕಿಟಕಿಗೆ ಬೆನ್ನಾಗಿ ಹಾಕಿ ಕೂತರು. ಇಡೀ ವಾರ್ಡು ನೋಡುತ್ತಿತ್ತು.

“ಸಿಸ್ಟರ್, ಇವರ ಕಫ ಇವತ್ತೇ ಹೋಗ್ಲಿ,” ಅಂದರು ಕೊನೆಗೆ. “ಸ್ಟೋರಿನ ಕಂಬಳಿ ಹಂಚಿ. ಕಿಟಕಿ... ಹೀಗೇ ಇರ್ಲಿ.”

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಕೈ ಮುಗಿದು ಹೋಗುತ್ತಿದ್ದರು. ಆಯಾ ಕದಲಲಿಲ್ಲ.

“ನನ್ನ ಕಾಗದ, ಸಾರ್.”

“ಯಾವ ಕಾಗದ?”

“ಕಾಯಿಲೆ ಹೊರಗಿಂದ ತಂದ್ಕೊಂಡೆ ಅಂತ ಬರೆದಿದ್ದೀರಲ್ಲ, ಅದು. ಇಲ್ಲಿಂದ್ಲೇ ಬಂತು ಅಂತ ಬರೀಬೇಕು.”

“ನೋಡಮ್ಮ, ಅದು ಎಲ್ಲಿಂದ ಬಂತು ಅಂತ ಯಾರಿಗೆ ಹೇಳೋಕಾಗುತ್ತೆ? ಗಾಳೀಲಿ ಬರೋದು.”

“ಗಾಳೀಲಿ ಬರೋದೇ. ಅದಕ್ಕೇ ತಾನೇ ಕುರ್ಚಿ ಸರಿಸಿದ್ದು?”

ದೊಡ್ಡ ಸಿಸ್ಟರ್ ತಲೆ ತಗ್ಗಿಸಿ ಹಾಳೆ ತಿರುವಿದರು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ನೋಡೋಣ,” ಅಂತ ಎದ್ದು ನಡೆದರು.

“ನೋಡಿ ಸಾರ್. ನಾಳೆ ಬರ್ತೀನಿ,” ಅಂದಳು ಅವರ ಬೆನ್ನಿಗೆ. “ನಾಡಿದ್ದೂ ಬರ್ತೀನಿ.”

ಮರುದಿನ ಬೆಳಿಗ್ಗೆ ಮಗಳು ಗರಿಗರಿ ಬಿಳಿ ಬಟ್ಟೆಯಲ್ಲಿ ವಾರ್ಡಿಗೆ ಬಂದಾಗ ಮೊದಲನೇ ಮಂಚದ ಕೆಳಗಿನ ನೆಲ ಒಣಗಿತ್ತು. ಹೊಸ ಕಂಬಳಿಗಳ ಕೆಳಗೆ ಎಲ್ಲರೂ ಹೊರಳುತ್ತ ಗೊಣಗುತ್ತಿದ್ದರು. ಕುರ್ಚಿ ಸರಿಸಿದ ಜಾಗದಲ್ಲೇ ಇತ್ತು. ಆಯಾ ಅದರ ಸುತ್ತ ಒರೆಸಿದ್ದಳೇ ಹೊರತು ಕದಲಿಸಿರಲಿಲ್ಲ.

“ಅಮ್ಮ, ಇದನ್ನ ಯಾರು ಇಲ್ಲಿ ಹಾಕಿದ್ದು?”

“ದೊಡ್ಡ ಡಾಕ್ಟ್ರು. ಯಾರಾದ್ರೂ ಮೂಲೆಗೆ ಹಾಕು ಅಂದ್ರೆ ಹಾಗೇ ಹೇಳು,” ಅಂದಳು ಆಯಾ. ಬಕೆಟ್ಟಿನ ನೀರು ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡು, ಬಾಕಿ ಇದ್ದ ಕಾಗದ ಕೇಳಲು ಆಫೀಸಿನ ಕಡೆ ಹೊರಟಳು.