ಹಂಡೆಯ ನೀರು ಕುಡಿದ ಕುರಿಗಳು

ಚಳಿ ಹಿಂದೆಗೆಯುತ್ತಿದ್ದ ಕಾಲ. ಬೆಳಕು ಇನ್ನೂ ಸರಿಯಾಗಿ ಬಿಚ್ಚಿಕೊಂಡಿರಲಿಲ್ಲ. ಸೊಸೆ ದೊಡ್ಡಿಯಲ್ಲಿ ಮಂಡಿಯೂರಿ ಕಪ್ಪು ಮುಖದ ಕುರಿಯ ಹೊಟ್ಟೆ ನೀವುತ್ತಿದ್ದಳು. ಒಳಗೆ ನಡುಮನೆಯಲ್ಲಿ ಅತ್ತೆಯ ಹೆಣವಿತ್ತು. ಹೆಣದ ಬಳಿ ಇರಬೇಕಾದವಳು ಕುರಿಯ ಬಳಿ ಇದ್ದಾಳೆಂದು ಬಂದವರು ಆಡಿಕೊಳ್ಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

ಮೈದುನ ದೊಡ್ಡಿಯ ಬಾಗಿಲಿಗೆ ಬಂದ.

"ಅತ್ತಿಗೆ, ಜನ ಏನಂದ್ಕೋತಾರೆ? ಒಳಗೆ ಬನ್ನಿ."

"ಇದಕ್ಕೆ ನೋವು ಶುರುವಾಗಿದೆಯಪ್ಪ. ಈ ವರ್ಷದ ಮೊದಲನೇದು."

"ಹುಟ್ಟೋ ಮರಿಗೂ ಸೊಂಟ ಬಿದ್ದದ್ದೇ ಆದ್ರೆ ನಾನಿನ್ನು ತಡೆಯಲ್ಲ. ಹಿಂಡನ್ನ ಲಾರಿ ಹತ್ತಿಸಿಬಿಡ್ತೀನಿ. ಅಮ್ಮ ಇದ್ಲು ಅಂತ ಬಾಯಿ ಮುಚ್ಕೊಂಡಿದ್ದೆ."

ಗಂಡ ಹೋದಮೇಲೆ ಆ ಹಿಂಡೇ ಅವಳ ಅನ್ನ.

ಉಣ್ಣೆ ಕತ್ತರಿಸುವ ಮುದುಕ ಅಲ್ಲೇ ಗೋಡೆಗೊರಗಿ ನಿಂತಿದ್ದ. ನಾಲಿಗೆಯೂ ಹರಿತವೆಂದು ಎಲ್ಲರೂ ಅವನನ್ನು 'ಕತ್ತರಿ' ಎಂದೇ ಕರೆಯುತ್ತಿದ್ದರು.

"ಲಾರಿ ಆಮೇಲೆ ತರಿಸುವಂತೆ ಕಣೋ, ಮೊದಲು ನಿಮ್ಮಮ್ಮನ್ನ ಕಳಿಸು" ಎಂದ.

*

ಹೋದ ವರ್ಷದ ಮರಿಗಳು ಮುಂಗಾಲೂರಿ ಏಳಹೋಗಿ, ಹಿಂಗಾಲು ಎಳೆದುಕೊಂಡು ಕುಸಿದಿದ್ದವು. ಮೊಲೆ ಎಟುಕದೆ ಒಂದರ ಹಿಂದೊಂದು ಹೋದವು. ಕುರಿಗಳು ಮತ್ತೆ ಗಬ್ಬವಾದಾಗ ದನದ ಡಾಕ್ಟರು ಬಂದು ರಕ್ತ ತೆಗೆದು ನೋಡಿಸಿದರು.

"ತಾಮ್ರ ಕಡಿಮೆ ಇದೆ ಕಣಮ್ಮ. ತಾಯಿಗೆ ಸಾಲದಿದ್ರೆ ಹೊಟ್ಟೇಲಿರೋ ಮರಿಗೆ ಬೆನ್ನಿನ ನರ ಬಲಿಯಲ್ಲ. ಔಷಧಿ ತರಿಸಿಕೊಡ್ತೀನಿ."

ಔಷಧಿ ಬರುವವರೆಗೆ ಕಾಯುವ ಜೀವವಲ್ಲ ಅತ್ತೆಯದು. ಮಾರನೆಯ ದಿನವೇ ಅಟ್ಟದಿಂದ ತವರಿನ ತಾಮ್ರದ ಹಂಡೆ ಇಳಿಸಿ, ಬೂದಿ ಹಾಕಿ ಫಳಫಳ ತಿಕ್ಕಿ, ದೊಡ್ಡಿಯ ನಡುವೆ ಇಟ್ಟು ನೀರು ತುಂಬಿಸಿದಳು.

"ತಾಮ್ರ ಬೇಕಂತಲ್ಲ, ಕುಡೀಲಿ."

ಕತ್ತರಿ ಬಂದು ನೋಡಿದ. "ಏನಮ್ಮಾ, ಕುರಿಗಳಿಗೆ ಅಭ್ಯಂಜನವೋ?"

"ನಿನಗೂ ಒಂದು ಚೊಂಬು ಕೊಡ್ತೀನಿ ಬಾ. ನಿನ್ನ ಸೊಂಟಾನೂ ನೆಟ್ಟಗಾಗಲಿ."

ಡಾಕ್ಟರು ಮಾತ್ರ ಹಂಡೆ ನೋಡಿ ನಗಲಿಲ್ಲ. ಅದರಿಂದ ಆಗುವ ಕೆಲಸವಲ್ಲವೆಂದು ಹೇಳಿ ಗುಳಿಗೆಯ ಡಬ್ಬಿ ಕೊಟ್ಟರು. ತೂಕ ನೋಡಿ ಒಮ್ಮೆ ನುಂಗಿಸಬೇಕು, ಮೈಮರೆತು ಎರಡನೇ ಸಲ ಕೊಟ್ಟರೆ ಕುರಿಗೆ ಅದೇ ವಿಷ ಎಂದರು. ಹಿಂಡನ್ನು ಯಾರ ಕೈಗೂ ಬಿಡದ ಅತ್ತೆ ಆ ಡಬ್ಬಿಯನ್ನು ಸೊಸೆಯ ಮಡಿಲಿಗೆ ಹಾಕಿದಳು.

"ನನಗೆ ಕಣ್ಣು ಮಂಜು ಕಣೇ. ಕೊಟ್ಟಿದ್ದು ಯಾವುದು, ಕೊಡದ್ದು ಯಾವುದು ತಿಳಿಯಲ್ಲ. ನೀನೇ ನೋಡ್ಕೋ."

ಸೊಸೆ ನುಂಗಿಸಿದ ಕುರಿಗಳ ನೆತ್ತಿಗೆಲ್ಲ ಕೆಂಪು ಬಳಿದಳು. ಆಮೇಲೆ ಅತ್ತೆ ಹಾಸಿಗೆ ಹಿಡಿದಳು. ನಿನ್ನೆ ಸಂಜೆ ಕಣ್ಣು ಬಿಟ್ಟು ಕೇಳಿದ್ದು ಒಂದೇ ಮಾತು.

"ಮರಿ ನಿಂತಿತೇನೇ?"

ಇನ್ನೂ ಒಂದೂ ಹುಟ್ಟಿರಲಿಲ್ಲ.

"ನಿಂತಿತು ಅತ್ತೆ. ಮೊಲೇನೂ ಕುಡೀತು" ಎಂದುಬಿಟ್ಟಿದ್ದಳು ಸೊಸೆ.

*

ಹೊರುವವರು ಬರುವ ಹೊತ್ತಿಗೆ ಮರಿ ನೆಲಕ್ಕೆ ಬಿತ್ತು. ಅವಳು ಸೆರಗಿನಿಂದ ಅದರ ಮೂಗು ಒರೆಸಿದಳು. ತಾಯಿ ನೆಕ್ಕತೊಡಗಿತು. ಮರಿ ಮುಂಗಾಲೂರಿತು, ಹಿಂಭಾಗ ಎತ್ತಿತು, ಪಕ್ಕಕ್ಕೆ ಉರುಳಿತು.

"ನೋಡಿದ್ರಾ?" ಎಂದ ಮೈದುನ. ಗೆದ್ದವನ ದನಿಯಾಗಿರಲಿಲ್ಲ ಅದು.

ಅವಳ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬೇಡ ಮಗಳೇ" ಎಂದ ಕತ್ತರಿ. "ನೀನು ನಿಲ್ಲಿಸಿದ್ರೆ ಅದು ನಿಂತ ಹಾಗಲ್ಲ."

ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಳು. ಮರಿ ಮತ್ತೆ ಬಿತ್ತು. ಒಳಗಿನಿಂದ ಯಾರೋ ಕೂಗಿದರು, "ಹೊತ್ತಾಯ್ತು, ಮುಖ ನೋಡೋರು ಬನ್ನಿ."

ಹೋಗದೆ ವಿಧಿಯಿರಲಿಲ್ಲ. ಅತ್ತೆಯ ಮುಖದ ಮುಂದೆ ನಿಂತರೂ ಅವಳಿಗೆ ಅಳು ಬರಲಿಲ್ಲ. ಸುಳ್ಳು ಹೇಳಿದ ಬಾಯಿ ಒಣಗಿತ್ತು.

ಹೆಣ ಅಂಗಳಕ್ಕೆ ಬಂತು. ಮುಂದಿನ ಹೆಗಲು ಮೈದುನನದು. ಗಡಿಬಿಡಿಯಲ್ಲಿ ಅವಳು ದೊಡ್ಡಿಯ ಬಾಗಿಲು ಹಾಕಿರಲಿಲ್ಲ. ಕಪ್ಪು ಮುಖದ ಕುರಿ ಹೊರಬಂದು ದಾರಿಗೆ ಅಡ್ಡ ನಿಂತಿತು. ಅದರ ಹಿಂದೆ ಮರಿ, ಹಿಂಗಾಲು ಅಗಲಿಸಿಕೊಂಡು, ತೂರಾಡುತ್ತ, ನಾಲ್ಕೂ ಕಾಲಿನ ಮೇಲೆ.

ಯಾರೋ "ಹೇ" ಎಂದು ಓಡಿಸಹೋದರು. ಮೈದುನ ತಲೆಯಾಡಿಸಿ ತಡೆದ.

ಮರಿ ತಾಯಿಯ ಹೊಟ್ಟೆಯ ಕೆಳಗೆ ತಡಕಾಡಿತು, ಮೊಲೆ ಸಿಕ್ಕಿತು, ಬಾಲ ಪಟಪಟನೆ ಅಲುಗತೊಡಗಿತು.

ಮರಿ ಕುಡಿದು ಮುಗಿಸುವ ತನಕ ಹೊರುವವರು ಹೆಗಲು ಬದಲಿಸಿಕೊಳ್ಳುತ್ತ ಅಂಗಳದಲ್ಲೇ ನಿಂತಿದ್ದರು.